ಎಡಬದಿಯ ಓಟಗಾರ ನಾಗಾತೊಮೊ

ಕೇಳುಗರೆಲ್ಲರಿಗೂ ನಮಸ್ಕಾರ.

ಫುಟ್‌ಬಾಲ್‌ನಲ್ಲಿ ಡಿಫೆಂಡರ್‌ಗೆ, ಅಂದರೆ ಎದುರಾಳಿಯ ದಾಳಿ ತಡೆಯುವ ಆಟಗಾರನಿಗೆ, ಚಪ್ಪಾಳೆ ಸಿಗುವುದು ಕಡಿಮೆ. ತಪ್ಪಿದಾಗ ಬೈಗುಳ ಮಾತ್ರ ತಪ್ಪದೆ ಸಿಗುತ್ತದೆ, ಅಲ್ವಾ? ಆದರೆ ಜಪಾನಿನಲ್ಲಿ ಫುಟ್‌ಬಾಲ್ ನೋಡದವರಿಗೂ ಗೊತ್ತಿರುವ ಡಿಫೆಂಡರ್ ಒಬ್ಬರಿದ್ದಾರೆ. ಹೆಸರು ಯುಟೊ ನಾಗಾತೊಮೊ. ಎತ್ತರ ಬರೀ 170 ಸೆಂಟಿಮೀಟರ್.

ಅವರು ಹುಟ್ಟಿದ್ದು 1986ರಲ್ಲಿ, ಎಹಿಮೆ ಪ್ರಾಂತ್ಯದ ಸೈಜೊದಲ್ಲಿ. ತಾಯಿ ಒಬ್ಬರೇ ದುಡಿದು ಮಕ್ಕಳನ್ನು ಸಾಕಿದರು. ಟೋಕಿಯೊದ ಮೇಜಿ ವಿಶ್ವವಿದ್ಯಾಲಯದಲ್ಲಿದ್ದಾಗ ಬೆನ್ನಿನ ತೊಂದರೆಯಿಂದ ಆಡಲಾಗಲಿಲ್ಲ. ಆಗ ಅವರು ಸುಮ್ನೆ ಕೂರಲಿಲ್ಲ. ಗ್ಯಾಲರಿಯಲ್ಲಿ ನಿಂತು ತಮ್ಮ ತಂಡಕ್ಕಾಗಿ ಡ್ರಮ್ ಬಾರಿಸಿದರು. ಜನ ಅವರನ್ನು ಯಾಕೆ ಇಷ್ಟು ಹಚ್ಚಿಕೊಂಡರು ಎಂಬುದರ ಸುಳಿವು ನನಗೆ ಅಲ್ಲೇ ಕಾಣುತ್ತದೆ.

2010ರ ವಿಶ್ವಕಪ್. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ ಕ್ಯಾಮರೂನ್ ವಿರುದ್ಧ ಪಂದ್ಯ. ಎದುರಿಗೆ ಸ್ಯಾಮುಯೆಲ್ ಎಟೊ, ಆಗ ಇಂಟರ್ ಮಿಲಾನ್‌ನ ದೊಡ್ಡ ಹೆಸರು. ನಾಗಾತೊಮೊ ಎಟೊ ಬೆನ್ನು ಬಿಡಲೇ ಇಲ್ಲ. ಹೋಂಡಾ ಹೊಡೆದ ಒಂದೇ ಗೋಲಿನಿಂದ ಜಪಾನ್ ಗೆದ್ದಿತು. ಅದೇ ಬೇಸಿಗೆಯಲ್ಲಿ ಇಟಲಿಯ ಚೆಜೆನಾ ಕ್ಲಬ್ ನಾಗಾತೊಮೊ ಅವರನ್ನು ಕರೆಸಿಕೊಂಡಿತು. ಮರುವರ್ಷ ಜನವರಿ 29ರಂದು ದೋಹಾದಲ್ಲಿ ಏಷ್ಯಾ ಕಪ್ ಫೈನಲ್ ನಡೆಯಿತು. ಹೆಚ್ಚುವರಿ ಅವಧಿಯಲ್ಲಿ ಎಡಬದಿಯಿಂದ ನುಗ್ಗಿ ಅವರು ಗೋಲಿನ ಮುಂದಕ್ಕೆ ಕಳಿಸಿದ ಚೆಂಡಿನಿಂದಲೇ ಜಪಾನಿನ ತಡನಾರಿ ಲೀ ಗೆಲುವಿನ ಗೋಲು ಹೊಡೆದರು. ಆ ಹೊತ್ತಿಗೂ ಅವರ ಕಾಲಲ್ಲಿ ಓಟ ಉಳಿದಿತ್ತು! ಅದಾಗಿ ಎರಡೇ ದಿನಕ್ಕೆ ಇಂಟರ್ ಸೇರಿ ಅದೇ ಎಟೊ ಜೊತೆಗಾರರಾದರು.

ಮಾರ್ಚ್‌ನಲ್ಲಿ ಜೆನೋವಾ ವಿರುದ್ಧ ಗೋಲು ಹೊಡೆದಾಗ ಅವರೂ ನಾಯಕ ಝನೆಟ್ಟಿಯೂ ಜಪಾನಿ ಪದ್ಧತಿಯಂತೆ ಒಬ್ಬರಿಗೊಬ್ಬರು ಬಾಗಿ ನಮಿಸಿದರು. ಮಿಲಾನ್ ಮಂದಿ ಅವರನ್ನು ತಮ್ಮವನೆಂದು ಒಪ್ಪಿದ ಗಳಿಗೆ ಅದು. ಅದೇ ವಾರ, ಮಾರ್ಚ್ 11ರಂದು, ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ. ನಾಲ್ಕು ದಿನಗಳ ನಂತರ ಮ್ಯೂನಿಕ್‌ನಲ್ಲಿ ಬಯರ್ನ್ ತಂಡವನ್ನು ಇಂಟರ್ ಸೋಲಿಸಿತು. ನಾಗಾತೊಮೊ ಜಪಾನಿನ ಬಾವುಟ ಹಿಡಿದು ನಿಂತರು. ನೀವು ಒಂಟಿಯಲ್ಲ ಎಂಬ ಧೈರ್ಯದ ಮಾತು ಅದರ ಮೇಲಿತ್ತು. ಎಲ್ಲವನ್ನೂ ಕಳೆದುಕೊಂಡಿದ್ದ ಜನ ದೂರದಿಂದ ಅದನ್ನು ನೋಡಿದರು. ಅಂಥ ದಿನ ಮೂಡಿದ ಪ್ರೀತಿ ಬೇಗ ಕರಗುವಂಥದ್ದಲ್ಲ.

ಮುಂದೆ ಟರ್ಕಿಯ ಗಲತಸರಾಯ್ ಕ್ಲಬ್‌ನಲ್ಲಿ ಎರಡು ಲೀಗ್ ಪಟ್ಟ, ಆಮೇಲೆ ಫ್ರಾನ್ಸ್‌ನ ಮಾರ್ಸೆಯಿ, 2021ರಲ್ಲಿ ಮರಳಿ ಜಪಾನಿನ ತಮ್ಮ ಹಳೆಯ ಕ್ಲಬ್ ಎಫ್‌ಸಿ ಟೋಕಿಯೊ.

2022ರ ಕತಾರ್ ವಿಶ್ವಕಪ್ ಅವರಿಗೆ ನಾಲ್ಕನೆಯದು. ವಯಸ್ಸು 36. ಜರ್ಮನಿ ವಿರುದ್ಧ ಜಪಾನ್ 0-1 ಹಿಂದಿದ್ದಾಗ 57ನೇ ನಿಮಿಷದಲ್ಲಿ ಅವರನ್ನು ಹೊರಗೆ ಕರೆದು ಮಿತೋಮಾ ಅವರನ್ನು ಇಳಿಸಿದರು. ಪಂದ್ಯ ತಿರುಗಿದ್ದು ಆಮೇಲೆ. ಡೋವನ್ ಸಮ ಮಾಡಿದರು, ಅಸಾನೊ ಗೆಲ್ಲಿಸಿದರು. ಇಬ್ಬರೂ ಬದಲಿಯಾಗಿ ಬಂದವರು. ಹಿರಿಯ ಆಟಗಾರನಿಗೆ ಒಳಗೊಳಗೆ ನೋವಾಗಬಹುದಾದ ಸಂಜೆ. ನಾಗಾತೊಮೊ ಮಾತ್ರ ಟಿವಿ ಮೈಕ್ ಮುಂದೆ ಬಂದು ಗಂಟಲು ಹರಿಯುವಂತೆ 'ಬ್ರಾವೋ' ಎಂದು ಕೂಗಿದರು, ಮತ್ತೆ ಮತ್ತೆ ಕೂಗಿದರು. ಆ ಕೂಗು ದೇಶವಿಡೀ ಹಬ್ಬಿತು.