ಉರಿಮೂತ್ರ ಅಂದರೆ ಬರೀ ಉಷ್ಣ ಅಲ್ಲ

ಕೇಳುಗರಿಗೆ ನಮಸ್ಕಾರ.

ಬಸುರಿ ಹೆಂಗಸು ಉರಿಮೂತ್ರ ಅಂದರೆ ನಮ್ಮ ಹಾಸನದ ಕಡೆ ಮನೆಯ ಹಿರಿಯರು ಏನು ಹೇಳುತ್ತಾರೆ? "ಉಷ್ಣ ಆಗಿದೆ, ಎಳನೀರು ಕುಡಿಯಮ್ಮ." ಕುಡಿಯಲಿ. ಆದರೆ ಸೋಂಕು ಇದ್ದರೆ ಅದು ಎಳನೀರಿಗೆ ಹೋಗುವುದಿಲ್ಲ. ಕಿಡ್ನಿ ಕಾಯಿಲೆ ಮೊದಲೇ ಇದ್ದವರಂತೂ ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಬಸುರಿನಲ್ಲಿ ಮೂತ್ರನಾಳ ಸಡಿಲವಾಗುತ್ತದೆ. ಬೆಳೆಯುವ ಗರ್ಭಕೋಶ ಅದನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ನಿಂತು, ರೋಗಾಣು ಬೆಳೆಯುತ್ತದೆ. ಅದರ ಮೇಲೆ ಸಕಲೇಶಪುರದ ಕಡೆ ಕಾಫಿ ಕೊಯ್ಲು ಶುರುವಾದರೆ ಕೇಳಬೇಡಿ. ತೋಟದಲ್ಲಿ ಮರೆ ಇಲ್ಲ ಅಂತ ಎಷ್ಟೋ ಹೆಂಗಸರು ನೀರೇ ಕುಡಿಯುವುದಿಲ್ಲ, ಸಂಜೆವರೆಗೂ ತಡೆದುಕೊಳ್ಳುತ್ತಾರೆ. ತೋಟದ ಮಾಲೀಕರು ಕೇಳುತ್ತಿದ್ದರೆ ಒಂದು ಮಾತು: ಕೆಲಸದ ಜಾಗದ ಹತ್ತಿರ ಒಂದು ಶೌಚಾಲಯ ಕಟ್ಟಿಸಿ.

ಕೆಲವರಿಗೆ ಉರಿಯೇ ಇರುವುದಿಲ್ಲ, ಆದರೂ ಮೂತ್ರದಲ್ಲಿ ರೋಗಾಣು ಇರುತ್ತದೆ. ಸುಮ್ನೆ ಬಿಟ್ಟರೆ ಅದು ಕಿಡ್ನಿಗೆ ಏರಬಹುದು. ಆಗ ನಡುಕ ಬರುವ ಜ್ವರ, ಪಕ್ಕೆನೋವು, ವಾಂತಿ. 37 ವಾರ ತುಂಬುವ ಮೊದಲೇ ಹೆರಿಗೆ ಆಗಬಹುದು, ಮಗುವಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇರಬಹುದು. ನನ್ನನ್ನು ಹೆಚ್ಚು ಕಾಡುವುದು ಮುಂದಿನ ವಿಷಯ. ಮಗುವಿನ ಕಿಡ್ನಿಯಲ್ಲಿ ರಕ್ತ ಸೋಸುವ ಘಟಕಗಳು ಹೊಟ್ಟೆಯೊಳಗೆ ಸುಮಾರು 36 ವಾರದವರೆಗೂ ತಯಾರಾಗುತ್ತಿರುತ್ತವೆ. ಬೇಗ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಿಗೆ ಅವು ಕಡಿಮೆ ಇರುತ್ತವೆ. ದೊಡ್ಡವರಾದ ಮೇಲೆ ಬಿಪಿ, ಕಿಡ್ನಿ ತೊಂದರೆ ಬರುವ ಸಂಭವ ಅವರಿಗೆ ಜಾಸ್ತಿ.

ತಾಯಿಗೆ ಮೊದಲೇ ಕಿಡ್ನಿ ಕಾಯಿಲೆ ಇದ್ದರೆ ಬಿಪಿ ಏರಬಹುದು. ಮಾಸಿಗೆ ರಕ್ತ ಸಾಲದೆ ಮಗು ಸರಿಯಾಗಿ ಬೆಳೆಯದೇ ಇರಬಹುದು. ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸಕ್ಕೆ ಕ್ರಿಯೇಟಿನಿನ್ ಅನ್ನುತ್ತಾರೆ, ಬಸುರಿನಲ್ಲಿ ಅದು ಇಳಿಯಬೇಕು. ಬೇರೆಯವರಿಗೆ ನಾರ್ಮಲ್ ಅನ್ನಿಸುವ, ಡೆಸಿಲೀಟರ್ ರಕ್ತಕ್ಕೆ 1 ಮಿಲಿಗ್ರಾಂ ಬಸುರಿಗೆ ನಾರ್ಮಲ್ ಅಲ್ಲ. ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳು ಮಗುವಿನ ಕಿಡ್ನಿಗೇ ಪೆಟ್ಟು ಕೊಡುತ್ತವೆ. ಮಗುವಿನ ಸುತ್ತ ಇರುವ ನೀರು ಬಹುಪಾಲು ಅದರದೇ ಮೂತ್ರ ಅಲ್ವಾ, ಅದೂ ಇಳಿದುಹೋಗುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮಗು ಬೇಕು ಅಂದುಕೊಂಡಾಗಲೇ ಡಾಕ್ಟರಿಗೆ ಹೇಳಿ, ಅವರು ಬದಲಾಯಿಸಿ ಕೊಡುತ್ತಾರೆ. ಅಂಗಡಿಯ ನೋವಿನ ಮಾತ್ರೆಯನ್ನೂ ಕೇಳದೆ ನುಂಗಬೇಡಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ. ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಉರಿ ಇಲ್ಲದಿದ್ದರೂ ಮೂತ್ರದ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಬೇಕಾ ಅಂತ ಕೇಳಿ. ಮುಖ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ 9ನೇ ತಾರೀಕಿಗೆ ಕಾಯಬೇಡಿ, ಅವತ್ತೇ ಹೊರಡಿ. ಸೋಂಕಿಗೆ ಕೊಟ್ಟ ಮಾತ್ರೆಯನ್ನು ಉರಿ ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಮುಗಿದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ನಮಸ್ಕಾರ.