ಯಾವ ಕೀಲಿಗೆ ಯಾವ ಎಣ್ಣೆ

ಕೇಳುಗರಿಗೆ ನಮಸ್ಕಾರ.

ಆಲೆಮನೆಗಳು ಹೊಗೆಯಾಡತೊಡಗಿದರೆ ಮಂಡ್ಯ, ಮದ್ದೂರಿನಲ್ಲಿ ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಯಂತ್ರದ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಗಾಣದ ರೋಲು, ಶಾಫ್ಟು, ಶಾಫ್ಟು ಕೂರುವ ಗನ್‌ಮೆಟಲ್ ಬುಷ್ಷು ಒಂದರ ಹಿಂದೊಂದು ಬರುತ್ತವೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಕಾರ್ಖಾನೆಗಳ ಬಿಡಿಭಾಗದ ಕೆಲಸ. ಜಾಬು, ಅಂದರೆ ಕೊರೆಯಲು ಬಂದ ವಸ್ತು, ಬೇರೆಯಾದರೂ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಎಣ್ಣೆ ಮಾತ್ರ ಒಂದೇ: ಗ್ಯಾರೇಜಿನಿಂದ ಪುಕ್ಕಟೆ ತಂದ ಕಪ್ಪು ವೇಸ್ಟ್ ಆಯಿಲ್. ಲೇತಿನ ಗೇರು ಪೆಟ್ಟಿಗೆಯಾದ ಹೆಡ್‌ಸ್ಟಾಕಿಗೂ ಅದೇ, ಉದ್ದನೆಯ ಹಳಿಯಂಥ ಬೆಡ್ಡಿಗೂ ಅದೇ, ಡ್ರಿಲ್ ಹೊಡೆಯುವಾಗಲೂ ಅದೇ. ಅದರಲ್ಲಿ ಮಸಿ ಇದೆ, ಎಂಜಿನ್ ಸವೆದ ಲೋಹದ ಪುಡಿ ಇದೆ, ಇಂಧನ ಉರಿದಾಗ ಹುಟ್ಟಿದ ಆಮ್ಲ ಇದೆ. ವರ್ಷಗಟ್ಟಲೆ ಕೈಗೆ ಮೆತ್ತಿಕೊಂಡರೆ ಚರ್ಮದ ಕ್ಯಾನ್ಸರ್ ತರಬಲ್ಲದು. ಅದನ್ನು ಮೊದಲು ಬಿಡಿ, ಮಿಕ್ಕಿದ್ದು ಆಮೇಲೆ.

ಎಣ್ಣೆ ಆರಿಸುವಾಗ ಮೊದಲು ನೋಡಬೇಕಾದದ್ದು, ಹಾಕಿದ ಎಣ್ಣೆ ಅಲ್ಲೇ ಉಳಿಯುತ್ತದೆಯೋ, ಹರಿದುಹೋಗುತ್ತದೆಯೋ ಎಂಬುದು.

ಉಳಿಯುವ ಜಾಗ ಹೆಡ್‌ಸ್ಟಾಕ್. ಗೇರು ಎಣ್ಣೆಯಲ್ಲಿ ಮುಳುಗಿ ತಿರುಗುವ ಲೇತ್ ಆದರೆ ಬರೆದುಕೊಳ್ಳಿ: ಹೈಡ್ರಾಲಿಕ್ ಆಯಿಲ್, ವಿ.ಜಿ., ಅಂದರೆ ಮಂದತೆಯ ದರ್ಜೆ, 68. ಸರ್ವೋಸಿಸ್ಟಮ್ 68, ಎನ್‌ಕ್ಲೋ 68, ಹೈಡ್ರಾಲ್ 68, ಯಾವ ಬ್ರ್ಯಾಂಡಾದರೂ ನಡೆಯುತ್ತದೆ. ಲೇತಿನ ಮೇಲಿನ ಫಲಕದಲ್ಲಿ ಬೇರೆ ನಂಬರ್ ಇದ್ದರೆ ಫಲಕದ ಮಾತೇ ಕೊನೆ. ಜಾಬನ್ನು ವೇಗವಾಗಿ ತಿರುಗಿಸುವ ಸ್ಪಿಂಡಲ್‌ಗೆ 32 ಕೇಳಿರಬಹುದು. 68 ಎಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಎಣ್ಣೆ ಎಷ್ಟು ಮಂದ ಎಂಬ ಅಳತೆ, 68 ಸೆಂಟಿಸ್ಟೋಕ್. ಅದೇ ಎಣ್ಣೆ 20 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ಮಂದವಾಗುತ್ತದೆ. ಆದ್ದರಿಂದ ಪುಷ್ಯಮಾಸದ ಬೆಳಿಗ್ಗೆ ಲೇತ್ ಚಾಲೂ ಮಾಡಿದವರು ಐದು ನಿಮಿಷ ಕಡಿಮೆ ವೇಗದಲ್ಲಿ ಖಾಲಿ ತಿರುಗಿಸಿ, ಆಮೇಲೆ ಜಾಬು ಹಿಡಿಯಿರಿ.

ಹೊಸ ಎಂಜಿನ್ ಆಯಿಲ್ ಹಾಕಬಾರದೇ ಎಂದು ಕೇಳುವವರಿದ್ದಾರೆ. 20-ಡಬ್ಲ್ಯೂ-40 ಎಣ್ಣೆ 68ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಮಂದ. ಅದಕ್ಕಿಂತ ಮುಖ್ಯ, ಕೊಳೆ ತಳಕ್ಕಿಳಿಯದಂತೆ ತೇಲಿಸಿಡುವ ಡಿಟರ್ಜೆಂಟ್ ಅದರಲ್ಲಿರುತ್ತದೆ. ಎಂಜಿನ್ನಿನಲ್ಲಿ ತೇಲುವ ಕೊಳೆಯನ್ನು ಫಿಲ್ಟರ್ ಹಿಡಿಯುತ್ತದೆ. ಸಣ್ಣ ಲೇತಿನ ಹೆಡ್‌ಸ್ಟಾಕಿಗೆ ಫಿಲ್ಟರ್ ಎಲ್ಲಿದೆ? ಅಲ್ಲಿ ಕೊಳೆ ತಳದಲ್ಲಿ ಕೂತರೇ ಒಳ್ಳೆಯದು. ಗೇರ್ ಇದೆಯಲ್ಲ ಎಂದು ಹೆಚ್ಚು ಒತ್ತಡಕ್ಕೆಂದು ಮಾಡಿದ ಗೇರ್ ಎಣ್ಣೆ ಇ.ಪಿ. 90 ಸುರಿಯುವುದೂ ಬೇಡ. ವಿಪರೀತ ಮಂದ; ಮೇಲಾಗಿ ಕೆಲವು ಇ.ಪಿ. ಎಣ್ಣೆಗಳಲ್ಲಿರುವ ಗಂಧಕ ಕಂಚು, ಗನ್‌ಮೆಟಲ್ ಬುಷ್ಷನ್ನು ತಿನ್ನುತ್ತದೆ.

ಎಣ್ಣೆ ಗಾಜಿನ ಕಿಂಡಿಯ ಅರ್ಧಕ್ಕಿದ್ದರೆ ಸಾಕು, ಅದೂ ಲೇತ್ ನಿಂತಿರುವಾಗ ನೋಡಿ. ಹೆಚ್ಚು ಸುರಿದರೆ ಗೇರು ಅದನ್ನು ಮಜ್ಜಿಗೆಯಂತೆ ಕಡೆಯುತ್ತದೆ, ನೊರೆ ಏಳುತ್ತದೆ, ಪೆಟ್ಟಿಗೆ ಬಿಸಿಯಾಗುತ್ತದೆ. ವರ್ಷಕ್ಕೊಮ್ಮೆ, ಲೇತ್ ಓಡಿ ಬೆಚ್ಚಗಿರುವಾಗಲೇ, ಹಳೆಯದನ್ನು ಇಳಿಸಿ ಬಿಳಿ ತಟ್ಟೆಯಲ್ಲಿ ನೋಡಿ. ಹಳದಿ ಮಿನುಗು ಕಂಡರೆ ಬುಷ್ ಸವೆಯುತ್ತಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಇನ್ನು ಹರಿದುಹೋಗುವ ಜಾಗ: ಬೆಡ್ಡು, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡು, ಉದ್ದನೆಯ ತಿರುಪಾದ ಲೀಡ್ ಸ್ಕ್ರೂ. ಇಲ್ಲಿಗೆ ಸ್ಲೈಡ್‌ವೇ ಆಯಿಲ್ 68. ನಂಬರ್ ಒಂದೇ ಆದರೂ ಗುಣ ಬೇರೆ. ಲೋಹಕ್ಕೆ ಅಂಟಿ ನಿಲ್ಲುವ ಜಿಗುಟು ಇದಕ್ಕಿದೆ. ತೆಳು ಎಣ್ಣೆಯಾದರೆ, ಟೂಲ್ ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜಿನ ಭಾರಕ್ಕೆ ಹಿಂಡಿಹೋಗುತ್ತದೆ. ಆಗ ನಿಧಾನದ ಫೀಡಿನಲ್ಲಿ ಕ್ಯಾರೇಜ್ ತಡೆದು ನಿಂತು, ತಟ್ಟನೆ ಜಿಗಿದು, ಜಾಬಿನ ಮೇಲೆ ಪಟ್ಟೆ ಬೀಳುತ್ತದೆ. ಟೂಲ್ ಮೊಂಡಾಯಿತೆಂದು ಮತ್ತೆ ಮತ್ತೆ ಸಾಣೆ ಹಿಡಿಯುವವರು ಇದನ್ನೂ ಒಮ್ಮೆ ನೋಡಲಿ. ಸ್ಲೈಡ್‌ವೇ ಆಯಿಲ್ ಸಣ್ಣ ಡಬ್ಬಿಯಲ್ಲಿ ಸಿಗದಿದ್ದರೆ ಹೆಡ್‌ಸ್ಟಾಕಿನ 68 ಅನ್ನೇ ದಿನಕ್ಕೆರಡು ಸಲ ಹಾಕಿ.

ಗ್ರೀಸ್ ಮಾತ್ರ ಬೆಡ್ಡಿನ ಮೇಲೆ ಬೇಡವೇ ಬೇಡ. ಚೂರನ್ನೆಲ್ಲ ಹಿಡಿದಿಟ್ಟುಕೊಂಡು ಅರೆಯುತ್ತದೆ. ಗಾಣದ ರೋಲಿನಂಥ ಬೀಡಿನ, ಅಂದರೆ ಎರಕದ ಕಬ್ಬಿಣದ, ಕೆಲಸದಲ್ಲಿ ಇದು ಇನ್ನೂ ಕೆಟ್ಟದ್ದು. ಬೀಡಿನ ಕಪ್ಪು ಹುಡಿ ಎಣ್ಣೆಯೊಂದಿಗೆ ಕಲೆತರೆ ವಾಲ್ವ್ ಉಜ್ಜುವ ಪೇಸ್ಟೇ ಸರಿ. ಜಾಬು ಹಿಡಿಯುವ ಚಕ್ ಹತ್ತಿರದ ಬೆಡ್ಡು ತಗ್ಗು ಬೀಳುವುದು ಹೀಗೇ. ಬೀಡನ್ನು ಎಣ್ಣೆಯಿಲ್ಲದೆಯೇ ಕೊರೆಯಿರಿ. ಮೊದಲೇ ಬೆಡ್ಡು ಒರೆಸಿ ಬಟ್ಟೆ ಹೊದಿಸಿ, ಬಟ್ಟೆಯ ತುದಿ ಚಕ್ಕಿಗೆ ಸಿಗದಂತೆ ಕಟ್ಟಿ. ಕೆಲಸ ಮುಗಿದ ಮೇಲೆ ಬ್ರಷ್ಷಿನಿಂದ ಗುಡಿಸಿ. ಗಾಳಿ ಹೊಡೆದರೆ ಹುಡಿ, ಕ್ಯಾರೇಜಿನ ತುದಿಯಲ್ಲಿ ಬೆಡ್ಡು ಒರೆಸುವ ಫೆಲ್ಟ್ ಪಟ್ಟಿ ದಾಟಿ ಒಳಗೇ ಸೇರುತ್ತದೆ. ಆಮೇಲೆ ಎಣ್ಣೆ ಹಚ್ಚಿ, ಕ್ಯಾರೇಜನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಫೆಲ್ಟ್ ಮುಂದೆ ನೂಕಿ ತಂದ ಕಪ್ಪು ಗೆರೆಯನ್ನು ಒರೆಸಿ. ಗೆರೆ ಕಾಣದಾಗುವವರೆಗೆ ಇದನ್ನೇ ಮಾಡಿ. ಫೆಲ್ಟನ್ನು ತಿಂಗಳಿಗೊಮ್ಮೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ ಕೂರಿಸಿ.

ಸಣ್ಣ ಗುಂಡು ಕೂತಿರುವ ಎಣ್ಣೆ ತೂತುಗಳಿಗೆ ಬೆಳಿಗ್ಗೆ ಮೂರು ನಾಲ್ಕು ಹನಿ ಸಾಕು. ಅಲ್ಲಿಗೆ ಗ್ರೀಸ್ ಗನ್ ಇಟ್ಟರೆ ಒಳದಾರಿ ಕಟ್ಟಿಕೊಂಡು, ಮುಂದೆ ಎಣ್ಣೆ ಹೋಗುವುದೇ ಇಲ್ಲ. ಗ್ರೀಸ್ ಬೇಕಾದದ್ದು ಬದಲಿಸುವ ಗೇರುಗಳ ಹಲ್ಲಿಗೆ, ಚಕ್ಕಿನ ಒಳಗಿನ ಸುರುಳಿಗೆ; ಅದೂ ಬೆರಳಲ್ಲಿ ಸವರಿದಷ್ಟೇ.

ಲೋಹ ಕೊರೆಯುವಾಗ ಸುರಿಯುವ ಕಟಿಂಗ್ ಆಯಿಲ್ ಬೇರೆಯದೇ ಜಾತಿ. ಉಕ್ಕಿನ ಟರ್ನಿಂಗ್‌ಗೆ 20 ಲೀಟರ್ ನೀರಿಗೆ ಒಂದು ಲೀಟರ್ ಸಾಲ್ಯುಬಲ್ ಆಯಿಲ್, ಅಂದರೆ ನೀರಿನಲ್ಲಿ ಬೆರೆಯುವ ಎಣ್ಣೆ. ನೀರಿಗೆ ಎಣ್ಣೆ ಸುರಿದು ಕಲಕಬೇಕು. ಎಣ್ಣೆಗೆ ನೀರು ಸುರಿದರೆ ಸರಿಯಾಗಿ ಬೆರೆಯದೆ ಗಂಟುಗಟ್ಟುತ್ತದೆ. ಗಡಸಾದ ಬೋರ್‌ವೆಲ್ ನೀರಿನಲ್ಲಿ ಎಣ್ಣೆ ಒಡೆದು ಕೆನೆಯಂತೆ ಮೇಲೆ ನಿಲ್ಲುತ್ತದೆ, ಅದಕ್ಕೆ ನಲ್ಲಿಯ ಕಾವೇರಿ ನೀರೇ ವಾಸಿ. ಅಲ್ಯೂಮಿನಿಯಮ್‌ಗೆ ಸೀಮೆಎಣ್ಣೆ. ಹಿತ್ತಾಳೆಗೆ ಏನೂ ಬೇಡ.

ಸೋಮವಾರ ಶಟರ್ ಎತ್ತಿದೊಡನೆ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬೆಡ್ಡಿನಿಂದ ಇಳಿದ ಎಣ್ಣೆ ಈ ಕಟಿಂಗ್ ನೀರಿನ ತೊಟ್ಟಿಯ ಮೇಲೆ ಪದರಗಟ್ಟಿ, ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ. ಫಿನಾಯಿಲ್ ಸುರಿದು ವಾಸನೆ ಮುಚ್ಚಬೇಡಿ. ತೊಟ್ಟಿ ಖಾಲಿ ಮಾಡಿ, ತಳದ ಚಿಪ್ಸ್ ತೆಗೆದು, ಉಜ್ಜಿ ತೊಳೆದು ಹೊಸದಾಗಿ ಕಲಸಿ. ಈ ನೀರು ಬೆಡ್ಡಿನ ಎಣ್ಣೆಯನ್ನು ತೊಳೆದು ತುಕ್ಕು ಹಿಡಿಸುವುದರಿಂದ, ಸಂಜೆ ಬಾಗಿಲು ಹಾಕುವ ಮೊದಲು ಬೆಡ್ಡು ಒರೆಸಿ ಮತ್ತೊಮ್ಮೆ 68 ಹಚ್ಚಿ, ಕ್ಯಾರೇಜನ್ನು ಬೆಡ್ಡಿನ ಇನ್ನೊಂದು ತುದಿಯ ಟೈಲ್‌ಸ್ಟಾಕಿನ ಕಡೆ ಸರಿಸಿ ನಿಲ್ಲಿಸಿ.

ನಮಸ್ಕಾರ.