ಟೈಲ್ಸಿಗೂ ಮುಂಚೆ ನೆಲ

ಕೇಳುಗರಿಗೆ ನಮಸ್ಕಾರ.

ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಮುಗಿದು ನಾಲ್ಕು ಕಾಸು ಕೈಗೆ ಬಂತೆಂದರೆ ನನಗೆ ಫೋನು ಜಾಸ್ತಿಯಾಗುತ್ತದೆ. "ಮೇಸ್ತ್ರಿ, ಹಳೇ ಮನೆಗೆ ಟೈಲ್ಸ್ ಹಾಕಿಸಬೇಕು, ಯಾವ ಡಿಸೈನು ಚೆನ್ನಾಗಿರುತ್ತೆ?" ಎಲ್ಲರೂ ಮೊದಲು ಕೇಳುವುದು ಡಿಸೈನು. ನಾನು ಮೊದಲು ಕೇಳುವುದು, ಈಗಿರುವ ನೆಲ ಹೇಗಿದೆ ಅಂತ. ಇಪ್ಪತ್ತೆರಡು ವರ್ಷದಿಂದ ಕೋಲಾರ ಸುತ್ತಮುತ್ತ ಇದೇ ಕೆಲಸ ನನ್ನದು. ಎದ್ದು ಬಂದ ಟೈಲ್ಸ್ ಎಷ್ಟೋ ಕಿತ್ತಿದ್ದೇನೆ. ಕಿತ್ತಾಗ ತಪ್ಪು ಸಿಕ್ಕಿದ್ದು ಹೆಚ್ಚಾಗಿ ಕೆಳಗಿನ ನೆಲದಲ್ಲೇ.

ನಮ್ಮ ಹಳ್ಳಿಗಳ ಚಪ್ಪಡಿ ಕಲ್ಲಿನ ಮನೆಗಳಲ್ಲಿ ಇನ್ನೂ ರೆಡ್ ಆಕ್ಸೈಡ್ ನೆಲಗಳಿವೆ, ಅಂದರೆ ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಮಾಡಿದ ನೆಲಗಳು. ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಲ್ಲಿ ನಡೆದವರಿಗೆ ಅದರ ತಂಪು ಗೊತ್ತು. ಟೈಲ್ಸ್ ಹಾಕಿಸಲೇಬೇಕು ಅನ್ನುವವರು ಮುಂದೆ ಕೇಳಿ.

ಮೊದಲು ನೆಲ ತಟ್ಟಬೇಕು. ಹಲಸಿನ ಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಫ್ಯಾನು, ಟಿವಿ ಎಲ್ಲ ಆರಿಸಿ, ಮಂಡಿ ಊರಿ ಕೂತು, ಮರದ ಕೋಲಿನಿಂದ ಅಡಿ ಅಡಿಗೂ ತಟ್ಟಿ. ಹಲಸಿನಲ್ಲಿ ಡಬ್ ಡಬ್ ಅಂದರೆ ಹಣ್ಣಾಗಿದೆ ಅಂತ ಖುಷಿ. ನೆಲದಲ್ಲಿ ಅದೇ ಸದ್ದು ಬಂದರೆ ಕೆಳಗೆ ಟೊಳ್ಳು. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಂಥ ಜಾಗ ಒಡೆದು ನೋಡಿದರೆ ಮಣ್ಣು ಕುಸಿದಿರುತ್ತದೆ, ಇಲ್ಲವೇ ಹೆಗ್ಗಣದ ಬಿಲ ಇರುತ್ತದೆ. ಬರೀ ಸಿಮೆಂಟ್ ಸುರಿದು ಮುಚ್ಚಬೇಡಿ. ಗರಸು ಮಣ್ಣನ್ನು ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಲ್ಲಿ, ಅಂದರೆ ನೆಲ ಗುದ್ದುವ ಭಾರದ ಸಾಧನದಲ್ಲಿ, ಗುದ್ದಿ ಗುದ್ದಿ ತುಂಬಬೇಕು. ಅದರ ಮೇಲೆ ನಾಲ್ಕು ಇಂಚು ಜಲ್ಲಿ ಕಾಂಕ್ರೀಟು. ಆಮೇಲೆ ಕಡಿಮೆ ಅಂದರೂ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಕೆಲಸ ನಿಂತುಹೋಗಿದೆ ಅಂತ ಮನೆಯವರಿಗೆ ಬೇಜಾರಾಗುವುದು ಈ ಏಳು ದಿನದಲ್ಲೇ. ಒಳಗೆ ಸಿಮೆಂಟು ಗಟ್ಟಿಯಾಗುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಇನ್ನು ತೇವದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಎಡವಿದ್ದು ಇಲ್ಲಿ.

2021ರ ನವೆಂಬರ್ ಮಳೆ ನಿಮಗೆ ನೆನಪಿರಬೇಕು. ನಮ್ಮ ಜಿಲ್ಲೆಯಲ್ಲಿ ಕೆರೆಗಳು ಕೋಡಿ ಹರಿದವು. ಅದನ್ನು ನೋಡೋಕೆ ಜನ ಜಾತ್ರೆಯ ಹಾಗೆ ಹೋದರು. ಅದಾದ ಮೇಲೆ ಕೆರೆ ಪಕ್ಕದ ಒಂದು ಮನೆಯಲ್ಲಿ ವಿನೈಲ್ ಹಾಳೆ, ಅಂದರೆ ನೆಲಕ್ಕೆ ಅಂಟಿಸುವ ಪ್ಲಾಸ್ಟಿಕ್ ಹಾಸು, ಹಾಕುವ ಕೆಲಸ ಸಿಕ್ಕಿತು. ಮಗಳ ನಿಶ್ಚಿತಾರ್ಥಕ್ಕೆ ಹತ್ತೇ ದಿನ ಇತ್ತು. ನೆಲ ಮುಟ್ಟಿ ನೋಡಿದೆ, ಒಣಗಿತ್ತು. ಗೋಂದು ಬಳಿದು ಹಾಸಿಬಿಟ್ಟೆ. ಎರಡು ತಿಂಗಳಿಗೆ ಹಾಳೆ ಉಬ್ಬಿತು. ಎತ್ತಿದರೆ ಕೆಳಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಮುಟ್ಟಿದಾಗ ನೆಲ ಒಣಗಿದ್ದು ನಿಜ. ಆದರೆ ಕೆಳಗಿನಿಂದ ಏರುವ ತೇವ ಆರುತ್ತಲೇ ಇದ್ದದ್ದರಿಂದ ಹಾಗನ್ನಿಸಿತ್ತು. ನಾನು ಅದಕ್ಕೆ ಮುಚ್ಚಳ ಹಾಕಿದ್ದೆ. ಆ ಮನೆಯ ತಾಯಿ ಒಂದು ಮಾತೂ ಬೈಯಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು. ನನ್ನ ಖರ್ಚಿನಲ್ಲೇ ಎಲ್ಲ ತೆಗೆದು ಮತ್ತೆ ಮಾಡಿಕೊಟ್ಟೆ.

ಅವತ್ತಿನಿಂದ ಒಂದು ಪರೀಕ್ಷೆ ಬಿಡುವುದಿಲ್ಲ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪು ಅಂಟಿಸಿ ನೆಲದ ಮೇಲೆ ಬಿಡಿ. ಒಂದು ಹಗಲು, ಒಂದು ರಾತ್ರಿ. ಹಾಳೆ ತೆಗೆದಾಗ ಅಡಿಯಲ್ಲಿ ಹನಿ ಕೂತಿದ್ದರೆ, ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ತೇವ ಇದೆ ಅಂತ ಅರ್ಥ. ಗೋಡೆ ಬುಡದಲ್ಲಿ ಬಿಳೀ ಉಪ್ಪು ಹೂವಿನ ಹಾಗೆ ಎದ್ದಿದ್ದರೂ ಅನುಮಾನ ಪಡಿ. ಮೊದಲು ಪೈಪು ಸೋರುತ್ತಿದೆಯಾ ನೋಡಿ. ಸೋರಿಕೆ ಇಲ್ಲದೆ ಭೂಮಿಯಿಂದಲೇ ತೇವ ಏರುತ್ತಿದ್ದರೆ, ನೆಲ ಅಗೆದು ಕಾಂಕ್ರೀಟಿನ ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸುವುದೇ ನನಗೆ ನಂಬಿಕೆ ಇರುವ ದಾರಿ. ಅಗೆದಾಗ ಗೆದ್ದಲಿನ ಔಷಧಿಯನ್ನೂ ಹಾಕಿಸಿಬಿಡಿ. ಮರದ ನೆಲ, ವಿನೈಲ್ ಹಾಕಿಸುವವರಂತೂ ಈ ಪರೀಕ್ಷೆ ತಪ್ಪಿಸಲೇಬಾರದು.

ರೆಡ್ ಆಕ್ಸೈಡ್ ನೆಲಕ್ಕೆ ವರ್ಷಾನುಗಟ್ಟಲೆ ಮೇಣ, ಎಣ್ಣೆ ಕುಡಿಸಿರುತ್ತೇವೆ. ನಾಲ್ಕು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಮಣಿಮಣಿಯಾಗಿ ನಿಂತರೆ ಅಂಟು ಹಿಡಿಯುವುದಿಲ್ಲ. ಉಳಿ ಸುತ್ತಿಗೆ ಹಿಡಿದು ಇಡೀ ನೆಲಕ್ಕೆ ಕಚ್ಚು ಹಾಕಬೇಕು, ಧೂಳೆಲ್ಲ ಗುಡಿಸಿ ತೊಳೆಯಬೇಕು. ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಹಾಗಾಗಿ ನೀರಿನಲ್ಲಿ ಕಲಸಿದ ಬರೀ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಕಚ್ಚುವುದಿಲ್ಲ. ಟೈಲ್ ಅಂಟನ್ನೇ ತಂದು, ಹಲ್ಲಿನ ಕರಣೆಯಲ್ಲಿ ಎಳೆದು ಹಾಕಿಸಿ.

ಮಟ್ಟಕ್ಕೆ ಹತ್ತು ಅಡಿಯ ಅಲ್ಯೂಮಿನಿಯಂ ಪಟ್ಟಿ ಸಾಕು. ಅದನ್ನು ನೆಲದ ಮೇಲಿಟ್ಟಾಗ ಕೆಳಗೆ ಮೂರು ಮಿಲಿಮೀಟರಿಗಿಂತ ಜಾಸ್ತಿ ಸಂದು ಕಂಡರೆ ಮೊದಲು ಆ ತಗ್ಗು ತುಂಬಿಸಿ. ಅಂಟನ್ನೇ ದಪ್ಪ ಹಾಕಿ ಸರಿ ಮಾಡುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ದಪ್ಪ ಅಂಟು ಒಣಗಿದಾಗ ಕುಗ್ಗುತ್ತದೆ. ಬಚ್ಚಲಲ್ಲಿ ಮಾತ್ರ ಮಟ್ಟ ಬೇಡ, ವಾಟ ಬೇಕು. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು.

ಹೊಸಿಲನ್ನು ಮರೆಯಬೇಡಿ. ಹಳೇ ನೆಲದ ಮೇಲೇ ಹೊಸದು ಹಾಕಿದರೆ ನೆಲ ಒಂದು ಇಂಚಿನಷ್ಟಾದರೂ ಏರುತ್ತದೆ, ಹೊಸಿಲು ಅಷ್ಟು ಮುಳುಗುತ್ತದೆ. ಬಾಗಿಲು ಕೆಳಗೆ ಉಜ್ಜುತ್ತದೆ. ಬಾಗಿಲನ್ನು ತುಸು ಕೊಯ್ಯಬಹುದು. ಅರಿಶಿನ ಕುಂಕುಮ ಇಟ್ಟ ಹೊಸಿಲನ್ನು ಕಿತ್ತು ಎತ್ತರಿಸೋಕೆ ಯಾರ ಮನಸ್ಸು ಒಪ್ಪುತ್ತದೆ? ನಾನು ಹೊಸಿಲಿನಿಂದಲೇ ಅಳತೆ ಶುರು ಮಾಡುತ್ತೇನೆ. ಎತ್ತರ ಸಾಲದಿದ್ದರೆ ಹಳೇ ನೆಲ ತೆಗೆಸುತ್ತೇನೆ.

ಈ ಮಾತು ಮುಗಿಸಿ ಮಾಲೂರಿನ ಒಂದು ಮನೆಗೆ ಹೋಗಬೇಕು. ನಿನ್ನೆ ಬೆಳಗ್ಗೆ ಅಲ್ಲಿ ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ ಹಾಳೆ ಅಂಟಿಸಿ ಬಂದಿದ್ದೇನೆ. ಟೈಲ್ಸ್ ಡಬ್ಬಗಳು ಇನ್ನೂ ಅಂಗಳದಲ್ಲೇ ಇವೆ. ಹಾಳೆ ಬಿಚ್ಚಿ ನೋಡುವ ತನಕ ಒಂದನ್ನೂ ಒಡೆಯಬೇಡಿ ಅಂತ ಹೇಳಿದ್ದೇನೆ. ನಮಸ್ಕಾರ.